ಟವೆಲ್ಲಿನ ಕೆಳಗೆ ಹಿಡಿದ ಕೈ

ಹೋದ ತಿಂಗಳು ಮಧುಗಿರಿಯ ಒಂದು ಬಟ್ಟೆ ಅಂಗಡಿಯಲ್ಲಿ ಕೂತಿದ್ದೆ. ನೆಂಟರ ಮನೆಯ ಗೃಹಪ್ರವೇಶಕ್ಕೆ ಉಡುಗೊರೆ ಬೇಕಿತ್ತು. ಅಂಗಡಿಯವನು ಹೊಸ ಟವೆಲ್ಲೊಂದನ್ನು ನನ್ನ ಮುಖದ ಮುಂದೆಯೇ ಪಟ್ಟನೆ ಒದರಿ ಬಿಚ್ಚಿದ. ಗಂಜಿಯ ವಾಸನೆ ಮೂಗಿಗೆ ಹೊಡೆಯಿತು. ಗಂಜಿ, ಹೊಸ ನೂಲು, ಬಹಳ ದಿನ ಮಡಿಕೆಯಲ್ಲೇ ಇದ್ದ ಬಟ್ಟೆಯ ಮುಗ್ಗಲು... ಅಲ್ಲಿಯವರೆಗೆ ಜಿದ್ದಿಗೆ ಬಿದ್ದು ಚೌಕಾಶಿ ಮಾಡುತ್ತಿದ್ದವನು ಸುಮ್ಮನಾಗಿಬಿಟ್ಟೆ. ನಾನು ಒಪ್ಪಿದೆ ಎಂದುಕೊಂಡು ಅವನು ಕವರಿಗೆ ಹಾಕಿಯೇಬಿಟ್ಟ. ಇತ್ತೀಚಿನ ವರ್ಷಗಳಲ್ಲಿ ನಾನು ಚೌಕಾಶಿಯಲ್ಲಿ ಸೋತದ್ದು ಅದೊಂದೇ ಸಲ. ಮನಸ್ಸು ಅಂಗಡಿಯಲ್ಲಿರಲಿಲ್ಲ. ಶಿರಾದ ಕುರಿ ಸಂತೆಯಲ್ಲಿತ್ತು. ನನಗೆ ವ್ಯಾಪಾರ ಕಲಿಸಿದ ಒಬ್ಬ ದಲ್ಲಾಳಿಯ ಹೆಗಲ ಮೇಲಿತ್ತು.

ಅವನನ್ನು ನಾನು ಮಾವ ಎನ್ನುತ್ತಿದ್ದೆ. ಆಗೆಲ್ಲ ಬಹುವಚನವೇ. ಈಗ ಬರೆಯುವಾಗ ‘ಅವನು’ ಎಂದೇ ಬರುತ್ತದೆ, ತಿದ್ದಲು ಹೋಗುವುದಿಲ್ಲ. ರಕ್ತಸಂಬಂಧವೇನೂ ಇರಲಿಲ್ಲ. ಪಾವಗಡದ ಕಡೆಯವನು, ಆಂಧ್ರದ ಗಡಿಗೆ ಕೂಗಳತೆಯ ಊರು, ಮಾತಿನಲ್ಲಿ ಅರ್ಧ ತೆಲುಗು. ನನ್ನನ್ನು ‘ಅಲ್ಲುಡು’ ಎನ್ನುತ್ತಿದ್ದ, ಅಳಿಯ ಅಂತ. ಹೆಣ್ಣು ಕೊಡುವ ಮಾತಂತೂ ಅಲ್ಲ, ಅವನಿಗೆ ಇದ್ದವರೆಲ್ಲ ಗಂಡುಮಕ್ಕಳು. ನಾನು ಬುಕ್ಕಾಪಟ್ಟಣದ ಕಡೆಯವನು, ಕುರಿ ಕಾಯುವ ಮನೆಯಲ್ಲಿ ಹುಟ್ಟಿದವನು. ಎಸ್ಸೆಸ್ಸೆಲ್ಸಿಗೆ ಎರಡು ಸಲ ಕೂತು ಎರಡು ಸಲವೂ ಗಣಿತದಲ್ಲೇ ಬಿದ್ದೆ. ಆ ಗಣಿತವನ್ನು ಅವನು ಬೆರಳಿನಲ್ಲಿ ಕಲಿಸಿದ.

ನೋಡದವರಿಗೆ ಹೇಳುತ್ತೇನೆ. ನಮ್ಮ ಕುರಿ ಸಂತೆಯಲ್ಲಿ ಹಳಬರು ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ದಲ್ಲಾಳಿ ಹೆಗಲ ಟವೆಲ್ಲನ್ನು ಬಿಚ್ಚಿ ಮಾರುವವನ ಕೈ ಮೇಲೆ ಹೊದಿಸುತ್ತಾನೆ, ಅದರ ಕೆಳಗೆ ಬೆರಳು ಹಿಡಿದು ಬೆಲೆ ಕೇಳುತ್ತಾನೆ. ಎಷ್ಟು ಬೆರಳು ಒತ್ತಿದರೆ ಅಷ್ಟು, ಅಂಗೈ ಗೀರಿದರೆ ಅರ್ಧ, ಮಣಿಕಟ್ಟು ತಟ್ಟಿದರೆ ಮಾತು ಮುಗಿಯಿತು. ಆಮೇಲೆ ಅದೇ ಟವೆಲ್ಲಿನೊಳಗೆ ಕೊಳ್ಳುವವನ ಕೈ. ಸುತ್ತ ನೂರು ಜನ ನಿಂತಿದ್ದರೂ ಬೆಲೆ ಈ ಮೂವರನ್ನು ಬಿಟ್ಟು ನಾಲ್ಕನೆಯವನಿಗೆ ತಿಳಿಯದು. ವ್ಯಾಪಾರ ಕುದುರಿದರೆ ಮಾವ ಆ ಟವೆಲ್ಲನ್ನು ಮಾರಿದವನ ಹೆಗಲಿಗೆ ಹಾಕಿಬಿಡುತ್ತಿದ್ದ. ಇನ್ನು ಮಾತು ತಿರುಗುವಂತಿಲ್ಲ ಎನ್ನುವುದಕ್ಕೆ ಅದು ಗುರುತು. ಹಾಗಾಗಿ ಪ್ರತಿ ಸಂತೆಗೂ ಅವನ ಹೆಗಲ ಮೇಲೆ ಗಂಜಿ ಬಿಡದ ಹೊಸ ಟವೆಲ್ಲು.

ಆದರೆ ಅವನ ಮೊದಲ ಪಾಠ ಬೆರಳಿನದಲ್ಲ, ಕಣ್ಣಿನದು. ಕುರಿಯ ಹಲ್ಲು ಎಲ್ಲರೂ ನೋಡುತ್ತಾರೆ, ಕಣ್ಣು ನೋಡುವವನೇ ವ್ಯಾಪಾರಿ ಎನ್ನುತ್ತಿದ್ದ. ಹೆಬ್ಬೆರಳಿನಿಂದ ಕೆಳರೆಪ್ಪೆ ಎಳೆದು ತೋರಿಸುತ್ತಿದ್ದ. ಬಿಳಿಚಿದ್ದರೆ ಹೊಟ್ಟೆಯಲ್ಲಿ ಹುಳ. ಗುಲಾಬಿ ಬಣ್ಣವಿದ್ದರೆ ಒಳ್ಳೆಯದು. ಕೆಂಪಾಗಿ ನೀರು ಸೋರುತ್ತಿದ್ದರೆ ಕೈ ತೆಗೆದು ದೂರ ಸರಿಯಬೇಕು. ಒಂದು ಸಲ ಕೊರಟಗೆರೆ ತಾಲ್ಲೂಕಿನ ಅಕ್ಕಿರಾಂಪುರದ ಸಂತೆಯಲ್ಲಿ ನಾನು ಅಗ್ಗಕ್ಕೆ ಸಿಕ್ಕಿತೆಂದು ಕೆಂಗಣ್ಣಿನ ಟಗರೊಂದನ್ನು ಹಿಡಿದುಕೊಂಡು ಬಂದೆ. ಸಂತೆಯೆಲ್ಲ ತಿರುಗಿ ನೋಡುವ ಹಾಗೆ ಬೈದ.

“ಲೇ ಅಲ್ಲುಡು, ಇದೊಂದು ಮಂದೇನೆಲ್ಲಾ ಕುಲ್ಡು ಮಾಡ್ಬುಡ್ತೈತೆ ಕಣ್ಲಾ. ಅಗ್ಗ ಅಂತೆ ಅಗ್ಗ! ಕುರಿಗೆ ನಾಚ್ಕೆ ಇಲ್ಲ, ಸಂತಿಗೆ ಬತ್ತೈತೆ. ನಿಂಗಾದ್ರೂ ಬ್ಯಾಡ್ವಾ?”

ಆ ಟಗರನ್ನು ವಾಪಸು ಬಿಟ್ಟು ಬರುವವರೆಗೆ ನನ್ನನ್ನು ಬೇರೆ ಕುರಿ ಮುಟ್ಟಲು ಬಿಡಲಿಲ್ಲ. ಬಂದ ಮೇಲೆ ಬೋರ್‌ವೆಲ್ಲಿನ ಹತ್ತಿರ ನಿಲ್ಲಿಸಿ ಮೂರು ಸಲ ಸೋಪು ಹಾಕಿ ಕೈ ತೊಳೆಸಿದ. ನನಗೆ ಅವನ ಮೇಲೆ ಪೂರ್ತಿ ನಂಬಿಕೆ ಬಂದದ್ದು ಆ ದಿನವೇ.

ಕುರಿಗೆ ಮಾಡಿದ ಕಟ್ಟುಪಾಡನ್ನು ಅವನು ಜನಕ್ಕೂ ಮಾಡಿದ್ದ. ಪುನರ್ವಸು ಮಳೆ ಹುಟ್ಟಿದ ದಿನದಿಂದ ಮಘೆ ಮಳೆ ಮುಗಿಯುವವರೆಗೆ, ಅಂದರೆ ಮಳೆಗಾಲದ ಆ ಎರಡು ತಿಂಗಳು, ಅವನ ಸುತ್ತಿನಲ್ಲಿ ಟವೆಲ್ಲಿನ ವ್ಯಾಪಾರ ಬಂದ್. ಸೋನೆ, ಕೆಸರು, ನೊಣ... ನಮ್ಮ ಸೀಮೆಯಲ್ಲಿ ಕಣ್ಣು ಬೇನೆ ಹಬ್ಬುವುದು ಆಗ. ಮದ್ರಾಸ್ ಐ ಅಂತಲೂ ಅನ್ನುತ್ತಾರೆ. ಆ ದಿನಗಳಲ್ಲಿ ಅವನು ಟವೆಲ್ಲನ್ನು ತಲೆಗೆ ಸುತ್ತಿ, ಒಂದು ಕಡ್ಡಿ ಹಿಡಿದು, ನೆಲದ ಮೇಲೆ ಬೆಲೆಯ ಗೀಟುಗಳನ್ನು ಎಳೆದು ಕಾಲಿನಿಂದ ಅಳಿಸುತ್ತಿದ್ದ. ಗುಟ್ಟು ಉಳಿಯುತ್ತಿರಲಿಲ್ಲ, ಎಷ್ಟೋ ವ್ಯಾಪಾರ ಅರ್ಧಕ್ಕೆ ಮುರಿಯುತ್ತಿದ್ದವು. ಆದರೂ ಬಿಡುತ್ತಿರಲಿಲ್ಲ. ಮಿಕ್ಕ ದಲ್ಲಾಳಿಗಳು ನಗುತ್ತಾ ನಗುತ್ತಾ ತಾವೂ ಕಡ್ಡಿ ಹಿಡಿದರು. ಓದು ಬರಹ ಬಾರದವನು ಮಾಡಿದ ಆ ನಿಯಮ ನಿಜಕ್ಕೂ ಒಳ್ಳೆಯ ನಿಯಮ. ಅದರಲ್ಲಿ ಒಂದೇ ತೂತಿತ್ತು. ಕಾಯಿಲೆ ಪಂಚಾಂಗ ನೋಡಿಕೊಂಡು ಬರುತ್ತದೆ ಎಂದು ಅದು ನಂಬಿತ್ತು.

ಇನ್ನು ನನ್ನ ಅಕ್ಕನ ವಿಷಯ ಹೇಳಬೇಕು. ನನ್ನನ್ನು ಸಾಕಿದವಳು ಅವಳು. ಚಿಕ್ಕಂದಿನಲ್ಲಿ ಕಡಲೆಕಾಯಿ ಬಳ್ಳಿ ಬಡಿಯುವಾಗ ಕಡ್ಡಿ ಸಿಡಿದು ಎಡಗಣ್ಣಿಗೆ ಬಿತ್ತು. ಆ ಕಣ್ಣಿಗೆ ಹೂ ಬಿದ್ದು ಬೆಳ್ಳಗಾಯಿತು. ನೋಡಲು ಬಂದ ಗಂಡುಗಳು ಆ ಕಣ್ಣು ನೋಡಿ ಎದ್ದು ಹೋದರು. ಕೊನೆಗೆ ಅವಳೇ ಸಾಕು ಮಾಡಿ ಎಂದಳು. ಮನೆಯಲ್ಲಿ ನಾವಿಬ್ಬರೇ. ನಾನು ಸಂತೆ ಸಂತೆ ತಿರುಗುತ್ತಿದ್ದೆ, ಮನೆಯ ಮಂದೆ ಅವಳದು. ಉಳಿದ ಒಂದೇ ಕಣ್ಣಿನಲ್ಲಿ ಬೆಟ್ಟದ ಆ ಪಕ್ಕ ಮೇಯುವ ಮರಿಯನ್ನು ನೋಡಿ ಅದರ ತಾಯಿ ಯಾವುದೆಂದು ಹೇಳುತ್ತಿದ್ದಳು.

ಮಾವ ಶಿರಾ ಸಂತೆಗೆ ಬಂದಾಗಲೆಲ್ಲ ನಮ್ಮ ಮನೆಯಲ್ಲೇ ಊಟ. ಅಕ್ಕ ಅವನನ್ನು ಅಣ್ಣ ಎನ್ನುತ್ತಿದ್ದಳು, ಅವನು ಅವಳನ್ನು ಚೆಲ್ಲಿ ಎನ್ನುತ್ತಿದ್ದ. ತೆಲುಗಿನಲ್ಲಿ ತಂಗಿ ಅಂತ.

“ಚೆಲ್ಲಿ, ನಂಗೆ ಎಲ್ಡಿದ್ರೂ ನಿನ್ನಷ್ಟು ಕಾಣ್ಸಲ್ಲ ಕಣಮ್ಮ.”

“ಎಲ್ಡೂ ಬ್ಯಾರೆಯೋರ ಕುರಿ ಮ್ಯಾಲೇ ಇದ್ರೆ ಇನ್ನೇನ್ ಕಾಣ್ತೈತಣ್ಣ? ಮುದ್ದೆ ಮುರ್ಕೊಂಡು ತಿನ್ನು, ತಣ್ಣಗಾತೈತೆ.”

ಬಿದ್ದು ಬಿದ್ದು ನಗುತ್ತಿದ್ದ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ನನ್ನ ಅಕ್ಕನಿಗೆ ಉಳಿದಿರುವುದು ಒಂದೇ ಕಣ್ಣು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಆ ವರ್ಷ ಮಳೆಗೆ ತಲೆ ಬುಡ ಇರಲಿಲ್ಲ. ಹುಯ್ಯಬೇಕಾದ ಮಳೆಗಳು ಮುಖ ತೋರಿಸದೆ ಹೋದವು, ಪುನರ್ವಸುವಿನಲ್ಲಿ ಧೂಳು ಎದ್ದಿತು. ನಾವು ನಿಯಮದ ಪ್ರಕಾರ ಒಣ ನೆಲದ ಮೇಲೆ ಕಡ್ಡಿಯಲ್ಲಿ ಗೀಚಿ ಎರಡು ತಿಂಗಳು ಕಳೆದೆವು. ಒಬ್ಬರಿಗೂ ಕಣ್ಣು ಕೆಂಪಾಗಲಿಲ್ಲ. ದೀಪಾವಳಿ ಕಳೆದ ಮೇಲೆ ಮಳೆ ಹಿಡಿಯಿತು ನೋಡಿ. ಎಷ್ಟೋ ವರ್ಷದಿಂದ ಬತ್ತಿದ್ದ ಕೆರೆಗಳು ಕೋಡಿ ಬಿದ್ದವು. ಜನ ಕೋಡಿಯ ನೀರು ನೋಡಲು ಟ್ರಾಕ್ಟರ್ ಮಾಡಿಕೊಂಡು ಹೋದರು. ಮಳೆ ಯಾವಾಗ ಬಂದರೂ ಒಳ್ಳೆಯದೇ ಎಂದು ನಂಬಿದ ಸೀಮೆ ನಮ್ಮದು. ಚಳಿ ಬೀಳಬೇಕಾದ ಹೊತ್ತಿಗೆ ಚಳಿ ಬರಲಿಲ್ಲ. ಸಂಕ್ರಾಂತಿ ಕಳೆದರೂ ಮೋಡ, ಸೆಕೆ, ಆಗಾಗ ಒಂದು ಮಳೆ. ಕುರಿ ಕೂಡುವ ರೊಪ್ಪದಲ್ಲಿ ಗೊಬ್ಬರ ಒಣಗಲಿಲ್ಲ, ನೊಣ ಸಾಯಲಿಲ್ಲ. ಇದನ್ನೆಲ್ಲ ನಾನು ಕಣ್ಣಾರೆ ನೋಡಿದೆ. ಕೂಡಿಸಿ ನೋಡುವ ಬುದ್ಧಿ ಬರಲಿಲ್ಲ.

ಸಂಕ್ರಾಂತಿಯಾಗಿ ಎರಡು ವಾರಕ್ಕೆ ಶಿರಾ ಸಂತೆಯಲ್ಲಿ ನನ್ನದು ದೊಡ್ಡ ವ್ಯಾಪಾರವೊಂದಿತ್ತು. ವರ್ಷವೆಲ್ಲ ಕೂಡಿಹಾಕಿ ಬೆಳೆಸಿದ ಟಗರುಗಳು. ಕೊಳ್ಳುವವನು ದೂರದಿಂದ ಲಾರಿ ತಂದಿದ್ದ. ಮಾವ ಕಪ್ಪು ಕನ್ನಡಕ ಹಾಕಿಕೊಂಡು ಬಂದ. ಅವನ ಮುಖಕ್ಕೆ ಅದು ಎಷ್ಟು ಹೊಂದುತ್ತಿರಲಿಲ್ಲವೆಂದರೆ ಕುರಿಗಳೇ ಹಿಂದೆ ಸರಿದವು.

“ಏನ್ ಮಾವ, ಸಿನ್ಮಾಕ್ ಸೇರ್ಕಂಡ್ರಾ?”

“ಬಿಸ್ಲು ಕಣ್ಲಾ. ಧೂಳು ಬ್ಯಾರೆ. ವಯಸ್ಸಾತು, ಕಣ್ಣು ತಡೀವಲ್ದು.”

ಆ ದಿನ ಬಿಸಿಲೇ ಇರಲಿಲ್ಲ. ಮೋಡ ಮುಚ್ಚಿತ್ತು. ಹಿಂದಿನ ದಿನದ ಮಳೆಗೆ ಸಂತೆಯ ನೆಲ ಕಿಚಿಪಿಚಿ ಎನ್ನುತ್ತಿತ್ತು. ಧೂಳು ಎಲ್ಲಿಂದ ಬಂತು? ಎದುರಿಗಿರುವವನು ಎಂಜಲು ನುಂಗುವುದನ್ನು ನೋಡಿಯೇ ಅವನ ಕೊನೆಯ ಬೆಲೆ ಹೇಳಬಲ್ಲವನು ನಾನು. ಅವತ್ತು ಏನೂ ಕಾಣಲಿಲ್ಲ. ಕನ್ನಡಕದ ಅಡಿಯಿಂದ ಟವೆಲ್ಲಿನ ತುದಿ ತೂರಿಸಿ ಅವನು ಆಗಾಗ ಒರೆಸಿಕೊಳ್ಳುತ್ತಿದ್ದ. ಬೆವರು ಎಂದುಕೊಂಡೆ. ಅದೇ ಟವೆಲ್ಲು ನನ್ನ ಕೈ ಮೇಲೆ ಬಂತು. ಕೆಳಗೆ ಅವನ ಕೈ ಒದ್ದೆಯಾಗಿತ್ತು, ಬಿಸಿಯಾಗಿತ್ತು... ಆ ಒದ್ದೆ ಇಷ್ಟು ವರ್ಷದ ಮೇಲೂ ನನ್ನ ಅಂಗೈಗೆ ಗೊತ್ತು. ಮಣಿಕಟ್ಟು ತಟ್ಟಿದ. ನಾನು ಕೇಳಿದ್ದಕ್ಕಿಂತ ಮೇಲೆಯೇ ಕೊಡಿಸಿದ್ದ. ಟವೆಲ್ಲನ್ನು ನನ್ನ ಹೆಗಲಿಗೆ ಹಾಕಿ ಬೆನ್ನು ತಟ್ಟಿದ. ಊಟಕ್ಕೆ ಕರೆದರೆ ಬರಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದ. ಅಷ್ಟು ವರ್ಷದಲ್ಲಿ ಅಕ್ಕನ ಕೈಯ ಊಟ ಅವನು ಬೇಡ ಎಂದದ್ದು ಅದೇ ಮೊದಲು.

ಮನೆಗೆ ಬಂದು ಟವೆಲ್ಲನ್ನು ಅಕ್ಕನ ಕೈಗೆ ಕೊಟ್ಟೆ. ದೊಡ್ಡ ವ್ಯಾಪಾರದ ಟವೆಲ್ಲು ಅವಳಿಗೇ ಸೇರಬೇಕೆಂದು ನಮ್ಮಲ್ಲಿ ರೂಢಿಯಾಗಿತ್ತು, ಮಾವನಿಗೂ ಅದು ಗೊತ್ತಿತ್ತು. ಅವಳು ಖುಷಿಯಿಂದ ಅದನ್ನು ಮುಖಕ್ಕೆ ಒತ್ತಿಕೊಂಡಳು, ಗಂಜಿಯ ವಾಸನೆ ಅವಳಿಗೆ ಇಷ್ಟ. ಆಮೇಲೆ ಒಲೆಯ ಮುಂದೆ ಹೊಗೆಗೆ ಕಣ್ಣು ಒರೆಸಿಕೊಂಡದ್ದೂ ಅದರಲ್ಲೇ.

ಮೂರನೆಯ ದಿನ ನನ್ನ ಕಣ್ಣಿನಲ್ಲಿ ಮರಳು ಸುರಿದ ಹಾಗಾಯಿತು. ಬೆಳಿಗ್ಗೆ ರೆಪ್ಪೆ ಅಂಟಿಕೊಂಡು ಬಿಡಿಸಲು ನೀರು ಬೇಕಾಯಿತು. ಕಣ್ಣು ಬೇನೆ ಎಂದು ಯಾರಿಗಾದರೂ ಹೊಳೆಯಬೇಕು. ನನಗೆ ಹೊಳೆಯಲಿಲ್ಲ, ಯಾಕೆಂದರೆ ತಿಂಗಳು ಅದಲ್ಲ. ಮಾವನಿಗೆ ಫೋನು ಮಾಡಿದೆ.

“ಧೂಳಿಂದು ಕಣ್ಲಾ ಅಲ್ಲುಡು. ಮೆಡಿಕಲ್ ಶಾಪ್ನಾಗೆ ಕೇಳು, ಕಣ್ಣು ಕೆಂಪಾದ್ರೆ ಹಾಕೋ ಹನಿ ಕೊಡ್ತಾರೆ. ಎಲ್ಡು ದಿನ, ಬೆಳ್ಳಗಾಗ್ಬುಡ್ತೈತೆ. ನಂದೂ ಅಂಗೇ ಹೋಯ್ತು.”

ನಂದೂ ಎಂದ. ಅವನ ಬಾಯಿಂದಲೇ ಬಂತು. ನಾನು ಆ ಮಾತನ್ನು ಹಿಡಿಯದೆ ಬಿಟ್ಟುಬಿಟ್ಟೆ.

ಹನಿ ತಂದೆ, ಹಾಕಿಕೊಂಡೆ, ಎರಡು ದಿನಕ್ಕೆ ಕೆಂಪು ಇಳಿಯಿತು. ಅಷ್ಟು ಹೊತ್ತಿಗೆ ಅಕ್ಕನ ಕಣ್ಣು ಕೆಂಪಾಗಿತ್ತು. ಅದೇ ಸೀಸೆಯಿಂದ ಅವಳಿಗೂ ಹಾಕಿದೆ, ನನ್ನ ಕೈಯಾರೆ, ಅವಳ ತಲೆಯನ್ನು ನನ್ನ ತೊಡೆಯ ಮೇಲಿಟ್ಟುಕೊಂಡು. ಅವಳದೂ ಕೆಂಪು ಇಳಿಯಿತು. ಮತ್ತೆ ಕೆಂಪಾಯಿತು, ಮತ್ತೆ ಹಾಕಿದೆ. ಹತ್ತು ಹನ್ನೆರಡು ದಿನದ ಮೇಲೆ ಒಂದು ಬೆಳಿಗ್ಗೆ ರೊಪ್ಪದ ಹತ್ತಿರ ನಿಂತು, “ಇವತ್ತು ಮಂಜು ಜಾಸ್ತಿ ಅಲ್ವೇನ್ಲಾ?” ಎಂದಳು. ಹೊರಗೆ ಮಂಜು ಇರಲಿಲ್ಲ.

ತುಮಕೂರಿನ ಕಣ್ಣಿನ ಆಸ್ಪತ್ರೆಯೊಂದಕ್ಕೆ ಓಡಿದೆವು. ಡಾಕ್ಟರಮ್ಮ ಯಂತ್ರದೊಳಗೆ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಜೇಬಿನಲ್ಲಿದ್ದ ಆ ಸೀಸೆ ಈಸಿಕೊಂಡು ನೋಡಿದರು.

“ಇದನ್ನ ಹಾಕೋಕೆ ಹೇಳಿದ್ದು ಯಾರು? ಇದು ಕೆಂಪನ್ನ ಮುಚ್ಚುತ್ತೆ ಅಷ್ಟೇ, ಕಾಯಿಲೆ ವಾಸಿ ಮಾಡಲ್ಲ. ಮೇಲೆ ಬೆಳ್ಳಗೆ ಕಾಣ್ತಾ ಇತ್ತು, ಒಳಗೆ ಹುಣ್ಣಾಗ್ತಾ ಇತ್ತು. ಎಲ್ಲರಿಗೂ ಹೀಗಾಗಲ್ಲ, ಇವರಿಗಾಗಿದೆ.”

“ಮೇಡಂ, ಇದು ಕಣ್ಣು ಬೇನೆ ಕಾಲ ಅಲ್ವಲ್ಲ,” ಎಂದೆ. ಆಗಲೂ ನಾನು ಚೌಕಾಶಿಯೇ ಮಾಡುತ್ತಿದ್ದೆ.

ಅವರು ಬಾಗಿಲ ಆಚೆ ಸಾಲಾಗಿ ಕೂತ ಜನರನ್ನು ತೋರಿಸಿದರು. “ಅವರನ್ನ ಕೇಳಿ ಯಾವ ಕಾಲ ಅಂತ. ನಾನು ಕೆಲಸಕ್ಕೆ ಸೇರಿದಾಗ ಮಳೆಗಾಲದಲ್ಲಿ ಮಾತ್ರ ಹಿಂಗೆ ಸಾಲು ಇರ್ತಿತ್ತು. ಈಗ ಚಳಿಗಾಲದಲ್ಲೂ ಸೆಕೆ, ಹೊತ್ತಲ್ಲದ ಹೊತ್ತಲ್ಲಿ ಮಳೆ. ಬಿಸಿಯೂ ತೇವವೂ ಸೇರಿದ್ರೆ ಇದು ಹಬ್ಬೋಕೆ ಸಲೀಸು. ಹವಾಮಾನ ಬದಲಾಗಿದೆ, ನಾವು ಬದಲಾಗಿಲ್ಲ.” ಆಮೇಲೆ ಕೇಳಿದರು, “ನಿಮಗಿಂತ ಮೊದಲು ಯಾರಿಗೆ ಬಂದಿತ್ತು?”

ಆಗ ಕಿವಿಯಲ್ಲಿ ಆ ಮಾತು ತಾನಾಗಿ ಎದ್ದಿತು. ನಂದೂ ಅಂಗೇ ಹೋಯ್ತು... ಕನ್ನಡಕ, ಒದ್ದೆ ಕೈ, ಬೇಡ ಎಂದ ಊಟ, ಎಲ್ಲ ಒಂದರ ಹಿಂದೆ ಒಂದು ಬಂದು ನಿಂತವು. ಎಲ್ಲಕ್ಕಿಂತ ಚುಚ್ಚಿದ್ದು ಆ ಊಟ. ಅಕ್ಕನ ಎದುರು ಕೂರಲು ಅವನಿಗೆ ಅಂಜಿಕೆಯಿತ್ತು, ಟವೆಲ್ಲು ಕಳಿಸಲು ಇರಲಿಲ್ಲ.

ಮಾರನೆಯ ದಿನವೇ ಅವನ ಊರಿಗೆ ಹೋದೆ. ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಕನ್ನಡಕ ಇರಲಿಲ್ಲ. ಕೆಂಪು ಇಳಿದು ಕಣ್ಣು ಎರಡೂ ತಿಳಿಯಾಗಿದ್ದವು.

“ನಿಂಗೆ ಗೊತ್ತಿತ್ತಾ?” ಎಂದೆ. ಅವನಿಗೆ ನಾನು ಏಕವಚನ ಹಾಕಿದ್ದು ಅದೇ ಮೊದಲು.

ಏನು ಎಂದು ಅವನು ಕೇಳಲಿಲ್ಲ. ಹಗ್ಗ ಕೆಳಗಿಟ್ಟ. “ಕಾಲ ಅಲ್ದ ಕಾಲ್ದಾಗೆ ಬಂದ್ರೆ ನಾನೇನ್ ಮಾಡ್ಲಿ ಅಲ್ಲುಡು? ಪುನರ್ವಸು ಆಗಿದ್ರೆ ನಾನೇ ಟವೆಲ್ ಎತ್ತಿರ್ತಿದ್ದೆ. ಸಂಕ್ರಾಂತಿ ಆದ್ಮ್ಯಾಕೆ ಕಡ್ಡಿ ಹಿಡ್ಕೊಂಡು ಕುಂತ್ರೆ ಸಂತೆಯೋರು ಏನಂತಾರೆ? ಲಾರಿಯೋನು ಹೊಂಟೋಗ್ತಿದ್ದ. ನಿನ್ ವ್ಯಾಪಾರಾನೇ ಮುರೀತಿತ್ತು.”

“ಕುರಿ ಕಣ್ಣು ಕೆಂಪಾದ್ರೆ ನೀನು ಯಾವ ತಿಂಗ್ಳು ಅಂತ ಕೇಳ್ತಿದ್ಯಾ?”

ಅವನು ಹಗ್ಗವನ್ನು ಮತ್ತೆ ಕೈಗೆತ್ತಿಕೊಂಡ. “ಚೆಲ್ಲಿ ಕಣ್ಣು ಹೆಂಗೈತೆ?” ಎಂದ.

“ಹೂ ಬಿದ್ದೈತೆ.”

ಅವನ ಹೆಂಡತಿ ಒಳಗಿನಿಂದ ಮಜ್ಜಿಗೆ ತಂದರು. ಕುಡಿಯದೆ ಎದ್ದು ಬಂದೆ. ಬಸ್ಸಿನಲ್ಲಿ ಪಾವಗಡ ದಾಟುವವರೆಗೂ ಅವನು ಹಿಂದೆ ಬರುತ್ತಾನೇನೋ, ಅತ್ತಾದರೂ ಬರುತ್ತಾನೇನೋ ಎಂದು ಮನಸ್ಸು ಕಾಯುತ್ತಿತ್ತು. ಬರಲಿಲ್ಲ. ಅವನು ಸುಳ್ಳು ಹೇಳಿದ್ದು ನನಗೆ ಅಷ್ಟು ನೋಯಿಸಲಿಲ್ಲ. ಸಂತೆಯಲ್ಲಿ ಸುಳ್ಳು ನಮ್ಮ ಉಪ್ಪು. ನಮ್ಮ ಮನೆಯನ್ನು ಅವನು ಒಂದು ಕುರಿಯಷ್ಟೂ ಎಣಿಸಲಿಲ್ಲವಲ್ಲ ಎನ್ನುವುದು ನೋಯಿಸಿತು. ನಂಬಿದ್ದಕ್ಕೆ ಋತುವೂ ಮೋಸ ಮಾಡಿತು, ಅವನೂ ಮಾಡಿದ. ಋತುವಿಗೆ ಎದುರು ನಿಂತು ಕೇಳಲು ಮುಖವಿಲ್ಲ. ಅವನಿಗಿತ್ತು.

ಎರಡು ವರ್ಷದ ಮೇಲೆ ಅವನು ತೀರಿಕೊಂಡ ಸುದ್ದಿ ಬಂತು. ಮಣ್ಣಿಗೆ ನಾನು ಹೋಗಲಿಲ್ಲ. ಅಕ್ಕನಿಗೆ ಹೋಗಿಬಂದೆ ಎಂದೆ. ಅವನು ಬದುಕಿದ್ದಾಗ, ಅಣ್ಣ ಯಾಕೆ ಬರುವುದಿಲ್ಲ ಎಂದು ಅವಳು ಮೊದಮೊದಲು ಕೇಳುತ್ತಿದ್ದಳು, ನಾನು ವಯಸ್ಸು, ಮಂಡಿ ನೋವು ಎಂದು ಏನೇನೋ ಹೇಳುತ್ತಿದ್ದೆ. ಆಮೇಲೆ ಕೇಳುವುದನ್ನು ಬಿಟ್ಟಳು. ಅವಳ ಕಣ್ಣಿಗೆ ಒಂದು ಸಲ ದಾನ ಬಂದ ಕಣ್ಣಿನ ಕಾರ್ನಿಯಾ ಹಾಕಿದರು, ಹಿಡಿಯಲಿಲ್ಲ. ಮತ್ತೆ ಹೆಸರು ಬರೆಸಿದ್ದೇವೆ. ಈಗ ಬೆಳಕು, ನೆರಳು ತಿಳಿಯುತ್ತದೆ. ಮಂದೆ ಮಾರಿದೆವು. ಮಾರುವ ದಿನ ಒಂದೊಂದನ್ನೂ ಮುಟ್ಟಿ ಇದು ಇಂಥದ್ದು ಎಂದು ಹೇಳಿದಳು. ಎರಡು ಮೂರು ತಪ್ಪಿದವು. ನಾನು ತಿದ್ದಲಿಲ್ಲ.

ಓದುವವರಿಗೆ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಕಣ್ಣು ಕೆಂಪಾದರೆ ಕ್ಯಾಲೆಂಡರ್ ನೋಡಬೇಡಿ. ಯಾರೋ ಹೇಳಿದ ಹನಿ ಹಾಕಬೇಡಿ, ಒಬ್ಬರ ಸೀಸೆ ಇನ್ನೊಬ್ಬರಿಗೆ ಬೇಡ. ಟವೆಲ್ಲು, ದಿಂಬು ಬೇರೆ ಮಾಡಿ, ಡಾಕ್ಟರಿಗೆ ತೋರಿಸಿ. ನನ್ನ ಹಾಗೆ ಜಾಣ ಎಂದುಕೊಂಡವನು ಇದನ್ನು ಎಷ್ಟು ದುಬಾರಿಗೆ ಕಲಿತ ಎಂದು ನೋಡಿದಿರಲ್ಲ, ನೀವು ಪುಕ್ಕಟೆ ತೆಗೆದುಕೊಳ್ಳಿ.

ಈಗ ನಾನೂ ದಲ್ಲಾಳಿ. ಟವೆಲ್ಲು ಬಿಟ್ಟಿದ್ದೇನೆ. ಮೊಬೈಲಿನಲ್ಲಿ ಬೆಲೆ ಒತ್ತಿ ದೂರದಿಂದ ತೋರಿಸುತ್ತೇನೆ. ಆದರೂ ಮೊನ್ನೆ ಸಂತೆಯ ಬೆಳಿಗ್ಗೆ, ಅದೂ ಬೇಸಿಗೆಯ ಶುರುವಿನಲ್ಲಿ ಎರಡು ದಿನ ಮಳೆ ಹೊಡೆದ ಮೇಲೆ, ಬೈಕಿನ ಕನ್ನಡಿಯಲ್ಲಿ ನೋಡಿದರೆ ಬಲಗಣ್ಣು ಕೆಂಪಾಗಿತ್ತು. ಅರ್ಧ ದಾರಿ ಬಂದಿದ್ದೆ. ಕೊಳ್ಳುವವರು ಎರಡು ಸಲ ಫೋನು ಮಾಡಿದ್ದರು. ಒಂದು ಕಪ್ಪು ಕನ್ನಡಕ ಕೊಳ್ಳಲು ರಸ್ತೆ ಬದಿಯ ಅಂಗಡಿ ಸಾಕಿತ್ತು. ಸುಳ್ಳು ಯಾಕೆ ಹೇಳಲಿ, ಅಂಗಡಿಯ ಮುಂದೆ ಬೈಕು ನಿಲ್ಲಿಸಿದೆ, ಇಳಿದೆ ಕೂಡ. ಅವನ ಮೇಲೆ ಇದ್ದ ಸಿಟ್ಟಿನಲ್ಲಿ ಒಂದು ಪಾಲು ಅಲ್ಲೇ, ಆ ಕನ್ನಡಕಗಳ ಮುಂದೆ ನಿಂತಾಗ ಸೋರಿಹೋಯಿತು. ಎಷ್ಟು ಸಲೀಸು... ಮಿಕ್ಕ ಸಿಟ್ಟು ಹಾಗೇ ಇದೆ. ಬೈಕು ತಿರುಗಿಸಿದೆ.

ಬೈಕಿನ ಸದ್ದಿಗೆ ಅಕ್ಕ ಬಾಗಿಲಿಗೆ ಬಂದಳು.

“ಯಾಕ್ಲಾ, ಸಂತೆ ಆಗ್ಲಿಲ್ವಾ?”

“ಕಣ್ಣು ಕೆಂಪಾಗೈತಕ್ಕ. ನೀನು ಅಲ್ಲೇ ಇರು, ಹತ್ರ ಬರ್ಬ್ಯಾಡ.”

ಅವಳು ಬಾಗಿಲ ಚೌಕಟ್ಟು ಹಿಡಿದು ನಿಂತಳು.

“ಅಣ್ಣನೂ ಇಷ್ಟು ಅಂದಿದ್ರೆ ಸಾಕಾಗಿತ್ತು ಕಣ್ಲಾ,” ಎಂದಳು.

ನಾನು ಅವಳಿಗೆ ಒಂದು ದಿನವೂ ಹೇಳಿರಲಿಲ್ಲ. ಯಾರು ಹೇಳಿದರು, ಎಂದಿನಿಂದ ಗೊತ್ತು ಎಂದು ನಾನು ಕೇಳಲಿಲ್ಲ. ಅವಳು ಒಳಗೆ ಹೋಗಿ ನನಗೆಂದು ಬೇರೆ ತಟ್ಟೆ, ಬೇರೆ ಲೋಟ ತಂದು, ಕೈಯಲ್ಲಿ ನೆಲ ತಡವಿ ಮೆಟ್ಟಿಲ ಮೇಲಿಟ್ಟಳು. ಲೋಟ ಅರ್ಧ ಅಂಚಿನಿಂದ ಆಚೆಗಿತ್ತು. ಅವಳು ಬಾಗಿಲು ಹಾಕಿಕೊಳ್ಳುವವರೆಗೆ ಕಾದು, ಬೀಳುವ ಮೊದಲು ಹೋಗಿ ಹಿಡಿದೆ.